ರೆಪ್ಪಿ ಬಡೀಲಾರದವನ ಚಾಳೀಸು

ಮಾನ್ವಿಯೊಳಗ ನಮ್ಮದೊಂದು ಅಕ್ಕಿ ಮಿಲ್ ಅದ. ಅಂಗೈಯೊಳಗ ಅಕ್ಕಿ ಹಿಡಿದು, ರೆಪ್ಪಿ ಬಡೀಲಾರದ ದಿಟ್ಟಿಸಿ, ಎಷ್ಟು ನುಚ್ಚದ ಅಂತ ಹೇಳೋದ್ರಾಗ ನನ್ನ ಬಿಟ್ರ ಇನ್ನೊಬ್ಬನಿಲ್ಲ. ಮಿಲ್ಲಿನ ಮರ್ಯಾದಿ ನಿಂತಿದ್ದೇ ಈ ಕಣ್ಣಿನ ಮ್ಯಾಲೆ.

ಅಂಥಾ ಕಣ್ಣು ಈ ಬ್ಯಾಸಗಿಯೊಳಗ ಮಂಜಾದ್ವು! ಗದ್ವಾಲಿನ ವ್ಯಾಪಾರಿ ಮಾಲು ನೋಡಾಕ ಬರೋನಿದ್ದ. ಅವನ ಮುಂದ ಮಾನ ಹೋಗಬಾರದು ಅಂತ ಚಾಳೀಸು ಮಾಡಿಸಾಕ ರಾಯಚೂರಿಗೆ ಹೊಂಟೆ.

"ಕಣ್ಣು ಕೆಂಪಗಾಗಿ ಉರಿಯಾಕತ್ತಾವ. ಮೊದ್ಲ ಡಾಕ್ಟರಿಗೆ ತೋರಸ್ರೀ," ಅಂದ್ಳು ನಮ್ಮಾಕಿ.

"ಚಾಳೀಸಿಗೆ ಡಾಕ್ಟರ್ ಯಾಕ ಬೇಕಲೇ?" ಅಂದು ಮೋಟರ್‌ಸೈಕಲ್ ಏರಿದೆ. ಧೂಳು, ಗಾಳಿ ಎಲ್ಲಾ ಕಣ್ಣಾಗ ತುಂಬ್ಕೊಂಡು ಚಾಳೀಸಿನ ಅಂಗಡಿ ಮುಟ್ಟಿದೆ.

ಅಕ್ಷರ ಓದಸಿದ್ರು. ಪರೀಕ್ಷಾ ಅಂದ್ರ ಪರೀಕ್ಷಾ! ಕಣ್ಣು ಇಷ್ಟಗಲ ಬಿಟ್ಟು ಕೂತೆ, ಒಮ್ಮಿನೂ ರೆಪ್ಪಿ ಬಡೀಲಿಲ್ಲ. ನಂಬರ್ ಬಂತು, ಚಾಳೀಸೂ ಬಂತು. ಹಾಕ್ಕೊಂಡ್ರ ಮುಂಜಾನೆ ಒಂಥರಾ ಕಾಣ್ತದ, ಸಂಜಿಗೆ ಒಂಥರಾ ಕಾಣ್ತದ!

ಸಿಟ್ಟು ನೆತ್ತಿಗೇರಿತು. ಹೋಗಿ ಒದರ್ಯಾಡಿದೆ. ಮತ್ತ ನೋಡಿದ್ರು. ಬ್ಯಾರೆ ನಂಬರ್!

"ನನ್ನ ಕಣ್ಣೇನು ಅಕ್ಕಿ ರೇಟೇನ್ರೀ, ದಿನಾ ಏರಿಳಿಯಾಕ?"

"ಒಮ್ಮೆ ಡಾಕ್ಟರಿಗೆ ತೋರಸ್ರೀ," ಅಂದ್ರು ಅಂಗಡಿಯವ್ರು. ಇವ್ರೂ ನಮ್ಮಾಕಿ ಕಡೆಯವ್ರ! ಹಟಕ್ಕ ಬಿದ್ದು ಎರಡನೇ ಚಾಳೀಸು ಮಾಡಿಸ್ಕೊಂಡ ಬಂದೆ.

ವ್ಯಾಪಾರಿ ಬಂದ. ಚೀಲಕ್ಕ ಕೈ ಹಾಕಿ ಒಂದು ಹಿಡಿ ತಗದೆ, ನೋಡೇ ನೋಡಿದೆ. "ಹುಡುಕಿದ್ರೂ ನುಚ್ಚು ಸಿಗಂಗಿಲ್ರೀ. ಮುತ್ತು ನೋಡ್ರಿ, ಮುತ್ತು!"

ಅವ ನನ್ನ ಮಾರಿ ನೋಡಿದ, ಚೀಲ ನೋಡಿದ. "ಅಣ್ಣಾ, ಇದು ನುಚ್ಚಿನ ಚೀಲ."

ಹಮಾಲರು ಮಾರಿ ಆ ಕಡೆ ತಿರುಗಿಸ್ಕೊಂಡ್ರು. ವ್ಯಾಪಾರಿ ಎದ್ದು ಚಪ್ಪಲಿ ಮೆಟ್ಟಾಕತ್ತಿದ್ದ. ನಮ್ಮಾಕಿ ಓಡಿ ಬಂದು ಖರೇ ಚೀಲ ಬಿಚ್ಚಿ, ಅಂಗೈಯೊಳಗ ಅಕ್ಕಿ ಹರವಿ, ಒಂದೊಂದು ನುಚ್ಚು ಆರಿಸಿ ತೋರಿಸಿದ್ಳು. ಅವ ಮತ್ತ ಕೂತ.

ಮರುದಿನ ಡಾಕ್ಟರ್ ಹಂತ್ಯಾಕ ಆಕಿನೇ ನನ್ನ ಎಳ್ಕೊಂಡು ಹೋದ್ಳು.

"ಕಣ್ಣು ಒಣಗ್ಯಾವ್ರೀ," ಅಂದ್ರು ಡಾಕ್ಟರ್. "ಕಣ್ಣಿನ ಮ್ಯಾಲಿನ ನೀರಿನ ಪದರ ಸರಿ ಇಲ್ಲಂದ್ರ ನಂಬರ್ ಹೆಂಗ ಸರಿ ಬರ್ತದ? ಮೊದ್ಲೇ ಮಿಲ್ಲಿನ ಧೂಳು, ಅದರಾಗ ನೀವು ರೆಪ್ಪಿನೇ ಬಡಿಯಂಗಿಲ್ಲ! ಮೊದ್ಲ ಡ್ರಾಪ್ಸ್ ಹಾಕ್ರಿ, ರೆಪ್ಪಿ ಬಡೀರಿ. ಚಾಳೀಸು ಆಮ್ಯಾಲೆ ನೋಡೂಣು."

ನಮ್ಮಾಕಿ ನಗಲಿಲ್ಲ. ನಕ್ಕಿದ್ರ ಜಗಳಾರ ಮಾಡ್ತಿದ್ದೆ!

ಈಗ ಮಿಲ್ಲಿನಾಗ ಅಕ್ಕಿ ನೋಡೋದು ಆಕಿ. ಗದ್ವಾಲಿನವ ಬಂದವನೇ "ಅಕ್ಕಾರನ್ನ ಕರೀರಿ" ಅಂತಾನ. ನಾನು ಬಾಜೂಕ ಕುರ್ಚಿ ಹಾಕ್ಕೊಂಡು ರೆಪ್ಪಿ ಬಡ್ಕೊಂತ ಕೂತಿರ್ತೀನಿ. ಮರ್ತು ದಿಟ್ಟಿಸಿದ್ರ ಹಮಾಲರು ಚೀಲ ಹೊತ್ಕೊಂಡ ಒದರ್ತಾರ:

"ಸಾವ್ಕಾರ್ರ, ರೆಪ್ಪಿ!"