ಫೈಲಿನ ನಾಡಿ ಹಿಡಿಯುವ ನಮ್ಮ ಅತ್ತೆ

ನಮ್ಮ ಅತ್ತೆ ಕಂಪ್ಯೂಟರಿನ ಫೈಲಿಗೆ ಜ್ವರ ಬಂದಿದೆಯೋ ಇಲ್ಲವೋ ನೋಡಿ ಹೇಳುತ್ತಾಳೆ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ! ಆದರೆ ತೆರೆಯಲೊಲ್ಲದ ಫೈಲುಗಳನ್ನು ಹಿಡಿದುಕೊಂಡು ನರಗುಂದ, ಗಜೇಂದ್ರಗಡದ ಜನ ಬಸ್ಸು ಹತ್ತಿ ರೋಣಕ್ಕೆ ಬಂದು, ಆಕೆಯ ಪಡಸಾಲೆಯಲ್ಲಿ ಸರದಿಗೆ ಕಾಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ದವಾಖಾನೆಯಲ್ಲಿ ನರ್ಸ್ ಆಗಿದ್ದವಳು, ಊರವರಿಗೆಲ್ಲ 'ಬಾಯಾರು'. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಕಂಪ್ಯೂಟರ್ ಕಲಿತಳು. ರೋಗಿಗಳು ಬದಲಾದರು, ಅತ್ತೆ ಬದಲಾಗಲಿಲ್ಲ!

"ಯಾವಾಗಿಂದ ತೆಗಿವಲ್ದು? ಮೊದಲ ಚಲೋ ಇತ್ತೇನು? ಯಾರ ಕಡೆಯಿಂದ ಬಂತು?"

ಕಡೆಯ ಪ್ರಶ್ನೆಗೆ ಯಾರಾದರೂ ತಡವರಿಸಿದರೋ, ಮುಗಿಯಿತು. ಪೆನ್‌ಡ್ರೈವನ್ನು ಚಿಮಟಿಯಲ್ಲಿ ಎತ್ತಿ ಸ್ಟೀಲ್ ಡಬ್ಬಿಗೆ ಹಾಕಿ, "ಮೊದಲ ವೈರಸ್ ನೋಡಬೇಕು. ಅಲ್ಲಿ ತನಕ ಯಾರೂ ಮುಟ್ಟಬ್ಯಾಡ್ರಿ" ಎನ್ನುತ್ತಾಳೆ. ಪಕ್ಕದಲ್ಲಿ ಕೂತವರು ತಮ್ಮ ಪೆನ್‌ಡ್ರೈವನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೂರ ಸರಿಯುತ್ತಾರೆ!

ಒಮ್ಮೆ ಗಜೇಂದ್ರಗಡದ ತರುಣನೊಬ್ಬ ಬಂದ. "ಅರ್ಜಿಗೆ ಪಿಡಿಎಫ್ ಕೇಳಿದ್ರರಿ. ಫೋಟೋದ ಹೆಸರಿನ ಕಡೀಕ ಪಿಡಿಎಫ್ ಅಂತ ಬರೆದ್ನರಿ. ಈಗ ತೆಗಿವಲ್ದರಿ."

ಅತ್ತೆ ಕನ್ನಡಕ ತೆಗೆದು ಅವನನ್ನೇ ನೋಡಿದಳು. "ನಿನ್ನ ಹಣಿಗೆ ಡಾಕ್ಟರ್ ಅಂತ ಚೀಟಿ ಹಚ್ಚಿದ್ರ ಆಪರೇಶನ್ ಮಾಡ್ತಿಯೇನು?"

"ಇಲ್ರಿ, ಬಾಯಾರ."

"ಹಂಗಾರ ಆ ಪಾಪದ ಫೋಟೋಕ್ಕ ಯಾಕ ತ್ರಾಸ ಕೊಟ್ಟಿ?"

ಹಳೆಯ ಹೆಸರು ಹಚ್ಚಿದ ಕೂಡಲೇ ಫೋಟೋ ತೆರೆಯಿತು. ಅದನ್ನು ಸರಿಯಾದ ಕ್ರಮದಲ್ಲಿ ಪಿಡಿಎಫ್ ಮಾಡಿ ಕೊಡುತ್ತ ಅತ್ತೆ ಪಥ್ಯವನ್ನೂ ಹೇಳಿದಳು: "ದಿನಾ ಊಟಾದ ಮ್ಯಾಲ ಒಂದು ಕಾಪಿ ತಗೀಬೇಕು. ತಪ್ಪಸಬ್ಯಾಡ!"

ನನ್ನನ್ನಾದರೂ ಬಿಟ್ಟಳೇ? ನನ್ನದೊಂದು ಫೈಲು ಹಟ ಹಿಡಿದಾಗ ಫೋನು ಮಾಡಿದೆ.

"ಕಂಪ್ಯೂಟರ್ ಆರಿಸಿ ಹಚ್ಚಿದಿ?"

"ಹಚ್ಚಿದೆ, ಅತ್ತಿ."

"ಬ್ಯಾರೆ ಕಂಪ್ಯೂಟರಿನ್ಯಾಗ ನೋಡಿದಿ?"

"ನೋಡಿದೆ."

"ಅದರ ಮುಂದ ಕುಂತು ಒದರ್ಯಾಡಿದಿ?"

"ಸ್ವಲ್ಪ..."

"ಮತ್ತ ಹ್ಯಾಂಗ ತೆಗಿತೈತಿ? ಅಂಜಿರ್ತೈತಿ!"

ಕಳೆದ ಸಲ ನಾನು ರೋಣಕ್ಕೆ ಹೋಗಿದ್ದಾಗ, ಹೊಳೆಆಲೂರಿನಿಂದ ಬಳೆ ಮಾರುವ ವಯಸ್ಸಾದ ಸಾಬರೊಬ್ಬರು ಬಂದಿದ್ದರು. ಮಲಪ್ರಭೆ ಮನೆಯೊಳಗೆ ನುಗ್ಗಿದಾಗ ಅವರ ಮೊಬೈಲು ಕೆಸರಿನಲ್ಲಿ ಮುಳುಗಿತ್ತಂತೆ. ಅದರೊಳಗಿನ ಮೆಮರಿ ಕಾರ್ಡನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ತೀರಿಹೋದ ಹೆಂಡತಿಯ ಫೋಟೋಗಳು ಇದ್ದದ್ದು ಅದೊಂದರಲ್ಲೇ.

ಅತ್ತೆ ಮಧ್ಯಾಹ್ನವೆಲ್ಲ ಹೆಣಗಿದಳು. ಫೈಲುಗಳ ಹೆಸರುಗಳು ಕಾಣುತ್ತಿದ್ದವು, ಒಂದೂ ತೆರೆಯಲಿಲ್ಲ. ಕೊನೆಗೆ ಕುರ್ಚಿಯನ್ನು ಅವರೆದುರಿಗೆ ಎಳೆದುಕೊಂಡು ಕೂತಳು. ದವಾಖಾನೆಯಲ್ಲಿ ರೋಗಿಯ ಮನೆಯವರೆದುರು ಹೀಗೆಯೇ ಕೂರುತ್ತಿದ್ದಳೇನೋ.

"ಚಾಚಾ, ನನ್ನ ಕೈಲಾದಷ್ಟು ನೋಡಿದೆ. ಇವು ಉಳಿಯಂಗಿಲ್ರಿ."

ಅವರು ಕರವಸ್ತ್ರ ಮಡಚಿ ಎದ್ದರು.

"ಕುಂದರ್ರಿ" ಎಂದಳು ಅತ್ತೆ. ಕಂಪ್ಯೂಟರಿನಲ್ಲಿ ಹೊಸದೊಂದು ಖಾಲಿ ಪುಟ ತೆಗೆದಳು. "ಮೊದಲನೇ ಫೋಟೋದಾಗ ಏನಿತ್ತು, ಹೇಳ್ರಿ."

"ಹೊಳಿ ದಂಡಿ ಮ್ಯಾಲ ನಿಂತು ನನ್ನ ಬೈಯಾಕತ್ತಿದ್ಲರಿ."

"ಏನಂತ?"

ಚಾಚಾ ನಾಚಿಕೊಂಡರು. "'ಊರ ಹೆಂಗಸರಿಗೆಲ್ಲಾ ಬಳಿ ಇಡಸ್ತಿ. ನನ್ನ ಕೈ ನೋಡು, ಬಣ್ಣ ಹೋದ ಬಳಿ! ಮ್ಯಾಲ ಫೋಟೋ ಬ್ಯಾರೆ ಹೊಡಿತಿ!'"

ಅತ್ತೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಎರಡನೆಯ ಫೋಟೋ ಆಯಿತು, ಮೂರನೆಯದಾಯಿತು. ಎಲ್ಲ ಮುಗಿದ ಮೇಲೆ ಫೈಲನ್ನು ಉಳಿಸಿ, ಮುಚ್ಚಿ, ಮತ್ತೆ ಒತ್ತಿದಳು. ತೆರೆಯಿತು.

"ನನಗ ಓದಾಕ ಬರಂಗಿಲ್ರಿ. ನೀವ ಓದ್ರಿ, ಬಾಯಾರ" ಎಂದರು ಚಾಚಾ.

ಅತ್ತೆ ಮೊದಲ ಸಾಲು ಓದಿದಳು. ಚಾಚಾ ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದರು. "ಹಂಗಲ್ರಿ. ಆಕಿ ದನಿ ಇನ್ನೂ ಜೋರಿತ್ತು."

ಅತ್ತೆ ಗಂಟಲು ಸರಿಮಾಡಿಕೊಂಡು, ಇಡೀ ಓಣಿಗೆ ಕೇಳುವಂತೆ ಬೈದಳು. ಚಾಚಾ ತಲೆ ತಗ್ಗಿಸಿ, ನಗುತ್ತ ಬೈಸಿಕೊಂಡರು.