ಬಲ್ಗೇರಿಯಾದವರು ತಲೆಯಾಡಿಸಿದಾಗ

ಅಮೆರಿಕಕ್ಕೆ ಬಂದವರು ಮೊದಲು ನಾಲಿಗೆಯನ್ನು ತಿದ್ದಿಕೊಳ್ಳುತ್ತಾರೆ. ನಾನು ಕತ್ತನ್ನು ತಿದ್ದಿಕೊಂಡೆ. ಸ್ಯಾನ್ ಡಿಯಾಗೋದ ಸಾಫ್ಟ್‌ವೇರ್ ಕಂಪನಿಗೆ ಸೇರಿದ ಹೊಸದರಲ್ಲಿ, ಮ್ಯಾನೇಜರ್ ಏನು ಹೇಳಿದರೂ ಬೆಂಗಳೂರಿನ ಅಭ್ಯಾಸದಂತೆ ತಲೆಯನ್ನು ಅತ್ತ ಇತ್ತ ತೂಗುತ್ತಿದ್ದೆ. ‘ಆಗುತ್ತೋ ಇಲ್ಲವೋ, ಒಂದು ಹೇಳು ಮಾರಾಯ’ ಎನ್ನುವಂತೆ ಆತ ಮುಖ ಮಾಡುತ್ತಿದ್ದ. ಕೊನೆಗೆ ಕನ್ನಡಿಯ ಮುಂದೆ ನಿಂತು, ಹೌದೆಂದರೆ ಮೇಲೆ ಕೆಳಗೆ, ಇಲ್ಲವೆಂದರೆ ಅಡ್ಡಡ್ಡ ಎಂದು ಸಾಧನೆ ಮಾಡಿ ಪಕ್ಕಾ ಅಮೆರಿಕನ್ ಕತ್ತನ್ನು ಸಂಪಾದಿಸಿದೆ. ನಮ್ಮ ದೇಶದವರ ಅಂಗಡಿಗಳೇ ತುಂಬಿರುವ ಆರ್ಟೀಸಿಯಾದ ಮಿಠಾಯಿ ಅಂಗಡಿಯಲ್ಲೂ ಹಾಗೇ ಆಡಿಸಿ, ಹೆಂಡತಿ ಶೈಲಾಳಿಂದ “ಇಲ್ಲಾದ್ರೂ ನಮ್ಮವರ ಥರ ಇರ್ರೀ” ಎನಿಸಿಕೊಂಡೆ.

ಇಂಥ ಕತ್ತಿಗೆ ಬಲ್ಗೇರಿಯಾದ ಒಂದು ಸೋಪಿನ ಕಾರ್ಖಾನೆ ಗಂಟುಬಿತ್ತು. ಅವರ ದೇಶ ಯುರೋಪಿನ ಒಕ್ಕೂಟಕ್ಕೆ ಸೇರುವ ಹುರುಪಿನಲ್ಲಿತ್ತು. ಅಲ್ಲಿಯವರೆಗೆ ಫೋನು, ಫ್ಯಾಕ್ಸಿನಲ್ಲೇ ವ್ಯಾಪಾರ ನಡೆಸಿದ್ದ ಕಾರ್ಖಾನೆಯ ಒಡತಿ ಎಲೆನಾಗೂ ಇನ್ನು ಆರ್ಡರುಗಳೆಲ್ಲ ಇಂಟರ್‌ನೆಟ್ಟಿನಲ್ಲೇ ಬರಬೇಕೆನಿಸಿತ್ತು. ಸಾಫ್ಟ್‌ವೇರ್ ಮಾಡಿಕೊಡುವ ಹೊಣೆ ನನ್ನದು. ಬೆಳಗಿನ ಕಾಫಿ ಹಿಡಿದು ನಾನು ಮನೆಯಲ್ಲಿ ವೆಬ್‌ಕ್ಯಾಮಿನ ಮುಂದೆ ಕೂತರೆ, ಅಲ್ಲಿಯ ಸಂಜೆಯಲ್ಲಿ ಆಕೆ ತನ್ನ ಸಿಬ್ಬಂದಿಯೊಡನೆ ಕೂರುತ್ತಿದ್ದರು. ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಮಾತಿಗಿಂತ ತಲೆಯೇ ಹೆಚ್ಚು ಆಡುತ್ತಿತ್ತು. ನಾನು ತೋರಿಸಿದ್ದಕ್ಕೆಲ್ಲ ಅಡ್ಡಡ್ಡ ಆಡಿಸಿದರು. ಹಿಡಿಸಲಿಲ್ಲವೆಂದು ಎಲ್ಲವನ್ನೂ ಕಿತ್ತುಹಾಕಿದೆ. ಮೇಲೆ ಕೆಳಗೆ ಆಡಿಸಿದ್ದು ಒಂದಕ್ಕೇ: ಆರ್ಡರ್ ಬಂದಾಗಲೆಲ್ಲ ಗಂಟೆ ಹೊಡೆಯುವ ಏರ್ಪಾಟಿಗೆ. ಸಂತೋಷದಿಂದ ಅದನ್ನು ಇನ್ನಷ್ಟು ಜೋರು ಮಾಡಿದೆ. “ಇನ್ನೊಂದು ಮೀಟಿಂಗ್ ನೋಡ್ತೀನಿ. ಆಮೇಲೆ ಪ್ರಾಜೆಕ್ಟನ್ನೇ ಮುಚ್ಚಿಬಿಡೋಣ” ಎಂದ ಮ್ಯಾನೇಜರ್. ಪ್ರಾಜೆಕ್ಟಿನ ಜೊತೆಗೆ ನಾನೂ ಮುಚ್ಚಿಹೋಗುವ ಲಕ್ಷಣವಿತ್ತು.

ಆ ಮೀಟಿಂಗಿನಲ್ಲಿ, ಇನ್ನೂ ತೋರಿಸದೆ ಉಳಿದಿದ್ದ ಒಂದೇ ಸ್ಕ್ರೀನು ತೋರಿಸಿದೆ. ಮತ್ತೆ ಅಡ್ಡ ತಲೆ. ಉಪ್ಪಿಟ್ಟಿನ ತಟ್ಟೆ ಇಡಲು ಬಂದ ಶೈಲಾ ಇಣುಕಿ ನೋಡಿ, “ರೀ, ಆಯಮ್ಮ ಥೇಟ್ ನಿಮ್ಮ ಸೋದರತ್ತೆ ಥರ ತಲೆ ಆಡಿಸ್ತಿದಾರೆ. ಒಪ್ಪಿಕೊಂಡ ಹಾಗಿದೆ ಕಣ್ರೀ, ಕೇಳಿ” ಎಂದಳು. ಕೇಳಿದೆ. ಎಲೆನಾ ನಕ್ಕರು. “ನಮ್ಮಲ್ಲಿ ಹೀಗೆ ಅಡ್ಡ ಆಡಿಸಿದರೆ ಹೌದು. ಮೇಲೆ ಕೆಳಗೆ ಆಡಿಸಿದರೆ ಇಲ್ಲ. ನಮಗೆ ಹಿಡಿಸಿದ್ದನ್ನೆಲ್ಲ ಯಾಕೆ ತೆಗೆದಿರಿ? ಆ ಗಂಟೆ ಮಾತ್ರ ದಯವಿಟ್ಟು ಬೇಡ!”

ನನಗೆ ಹೋದ ಜೀವ ಬಂದಂತಾಯಿತು. “ಹಾಗಾದರೆ ಎಲ್ಲವನ್ನೂ ವಾಪಸ್ ಹಾಕಿಕೊಡುತ್ತೀರಾ?” ಎಂದು ಆಕೆ ಕೇಳಿದರು. ಖುಷಿಯಲ್ಲಿ ನನ್ನ ಅಮೆರಿಕನ್ ಕತ್ತು ಮೇಲೆ ಕೆಳಗೆ ಜೋರಾಗಿ ಆಡಿತು. ಎಲೆನಾ ಮುಖ ಬಾಡಿತು. ಗಾಬರಿಯಿಂದ ಅಡ್ಡಡ್ಡ ಆಡಿಸಿದೆ. ಮತ್ತೆ ಅನುಮಾನ ಬಂದು ಎರಡನ್ನೂ ಒಟ್ಟಿಗೆ ಆಡಿಸಿದೆ. ಹಿಂದಿನಿಂದ ಶೈಲಾ ನನ್ನ ತಲೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಲ್ಲಿಸಿ, “ಬಾಯಿ ಬಿಟ್ಟು ಹೇಳ್ರೀ!” ಎಂದಳು.