ಅಪ್‌ಡೇಟ್ ಕಂಡರೆ ಬಿಡದ ನನ್ನ ಷಡ್ಡಕ

ನನ್ನ ಷಡ್ಡಕನಷ್ಟು ಕೆಟ್ಟ ಮನುಷ್ಯ ಇಡೀ ಕಲಬುರಗಿಯಲ್ಲಿ ಇನ್ನೊಬ್ಬನಿಲ್ಲ. ಹೀಗೆಂದು ಹೇಳುವವನು ನಾನೊಬ್ಬನೇ. ಉಳಿದವರೆಲ್ಲ ಅವನನ್ನು ಬಂಗಾರದಂಥ ಮನುಷ್ಯ ಎನ್ನುತ್ತಾರೆ. ಅವನ ಮೇಲಿರುವ ನನ್ನ ಮೊದಲ ದೂರು ಅದೇ!

ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಅಣ್ಣತಮ್ಮಂದಿರು ಜಗಳಾಡಬೇಕಾದರೆ ಹೊಲವೋ ಮನೆಯೋ ಬೇಕಾಗುತ್ತದೆ. ಷಡ್ಡಕರಿಗೆ ಅಷ್ಟೆಲ್ಲ ಬೇಡ. ಅತ್ತೆ ಯಾರ ಹೋಳಿಗೆಗೆ ತುಪ್ಪ ಧಾರಾಳವಾಗಿ ಹಾಕಿದರು ಎಂಬುದಷ್ಟೇ ಸಾಕು. ಅವನ ಹೋಳಿಗೆ ತುಪ್ಪದಲ್ಲಿ ಈಜುತ್ತಿರುತ್ತದೆ. ನನ್ನದಕ್ಕೆ ತುಪ್ಪದ ಪರಿಚಯ ಮಾತ್ರ ಆಗಿರುತ್ತದೆ. ವಯಸ್ಸಿನಲ್ಲಿ ಅವನು ನನಗಿಂತ ಹಿರಿಯ, ಎದುರಿಗಿದ್ದಾಗ ‘ರೀ’ ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗ ಮಾತ್ರ ‘ಅವನು’. ಇಷ್ಟಾದರೂ ಸೇಡು ಬೇಡವೇ?

ಅವನು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಎತ್ತರದ ಆಳು, ಅದಕ್ಕೆ ತಕ್ಕ ಮೀಸೆ, ಅದನ್ನೂ ಮೀರಿದ ದನಿ. ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ನಿಂತು ಅವನು ಆಟೋ ಕರೆದರೆ ದೂರದ ನೆಹರು ಗಂಜಿನಲ್ಲಿ ನಿಂತ ಆಟೋಗಳು ತಿರುಗುತ್ತವೆ. ಹೊಸದೆಂದರೆ ಅವನಿಗೆ ಪ್ರಾಣ. ಹಳೆಯದೊಂದು ತನ್ನ ಪಾಡಿಗೆ ಚೆನ್ನಾಗಿ ನಡೆಯುತ್ತಿದೆ ಎಂದರೆ ಅವನಿಗೆ ಸಂಕಟ. ಒಮ್ಮೆ ಸ್ಕೂಟರಿಗೆ ನಾಯಿ ಬೊಗಳುವ ದನಿಯ ಹೊಸ ಹಾರ್ನ್ ಹಾಕಿಸಿದ. ಓಣಿಯ ನಿಜವಾದ ನಾಯಿಗಳೆಲ್ಲ ಇದು ಯಾರ ಸವಾಲು ಎಂದು ಬೆನ್ನಟ್ಟಿದವು. ಆಗ ಅವನು ಹಾರ್ನ್ ಬದಲಿಸಿದನೇ? ಇಲ್ಲ, ದಾರಿ ಬದಲಿಸಿದ!

ನಾನೋ, ಸೂಪರ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಂದು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವನು. ಲಗ್ನಪತ್ರಿಕೆ ಟೈಪು ಮಾಡುವುದು, ಪ್ರಿಂಟು ತೆಗೆಯುವುದು, ಕೇಳಿದವರಿಗೆ ವೆಬ್‌ಸೈಟು ಮಾಡಿಕೊಡುವುದು. ಮಾತು ಕಡಿಮೆ. ಇಂಥವನಿಗೆ ಅತ್ತೆಮನೆಯಲ್ಲಿ ಪಡಸಾಲೆಯ ಕುರ್ಚಿ ಕೊಡುತ್ತಾರೆ. ಅವನಿಗೆ ಅಡುಗೆಮನೆಯಲ್ಲಿ ಮಣೆ ಹಾಕುತ್ತಾರೆ. ವ್ಯತ್ಯಾಸ ತಿಳಿಯಿತಲ್ಲ?

ಅತ್ತೆಮನೆ ಕಲಬುರಗಿಯ ಹತ್ತಿರದ ಕಮಲಾಪುರದಲ್ಲಿ. ನಮ್ಮ ಅತ್ತೆ ಒಳ್ಳೆಯ ಹಾಡುಗಾರ್ತಿ. ತೊಟ್ಟಿಲ ಹಾಡು, ಆರತಿ ಹಾಡು, ಬೀಗರನ್ನು ಕಿಚಾಯಿಸುವ ಹಾಡು, ಹೀಗೆ ಕನ್ನಡದಲ್ಲಷ್ಟು, ಮರಾಠಿಯಲ್ಲಷ್ಟು. ಯಾವುದನ್ನೂ ಎಲ್ಲಿಯೂ ಬರೆದಿಟ್ಟಿಲ್ಲ. ಅವರ ಅತ್ತೆಯ ಬಾಯಿಂದ ಇವರ ಬಾಯಿಗೆ ಬಂದವು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಒಂದು ರವಿವಾರ ನಾವೆಲ್ಲ ಅಲ್ಲಿ ಸೇರಿದ್ದಾಗ ಷಡ್ಡಕ ಕೆಂಪು ಬಾಳೆಹಣ್ಣು ಸುಲಿಯುತ್ತ ಘೋಷಿಸಿದ.

“ಆಯಿ, ನಿಮ್ಮ ಹಾಡು ಇಂಟರ್‌ನೆಟ್ಟಿನಾಗ ಹಾಕೋಣ. ಸೊಲ್ಲಾಪುರದಾಗ ಕುಂತ ನಿಮ್ಮ ತಂಗಿ ಅಲ್ಲೇ ಕೇಳಬೇಕು!”

ನೋಡಿ, ಇದು ಇನ್ನೊಂದು. ಹೆಣ್ಣುಮಕ್ಕಳು ಕರೆಯುವ ಹಾಗೆ ಅವನೂ ಅತ್ತೆಯನ್ನು ‘ಆಯಿ’ ಎನ್ನುತ್ತಾನೆ. ನನ್ನ ಬಾಯಲ್ಲಿ ‘ಅತ್ತೀ’ ಎಂಬುದೇ ಕಷ್ಟದಿಂದ ಹೊರಡುತ್ತದೆ.

“ಅದೆಲ್ಲಾ ಹ್ಯಾಂಗ ಮಾಡ್ತೀಯೋ ಅಪ್ಪಾ?” ಎಂದರು ಅತ್ತೆ.

“ನಾ ಏನ್ ಮಾಡ್ತೀನ್ರಿ, ಇವ ಅದಾನಲ್ಲ!” ಎಂದು ಬಾಳೆಹಣ್ಣಿನ ಸಿಪ್ಪೆಯಿಂದ ನನ್ನನ್ನು ತೋರಿಸಿದ.

ನಾನು ಮಾಡಿದೆ. ಸೈಟಿಗೆ ಹೆಸರು ನೋಂದಾಯಿಸಿದೆ, ಇಂಟರ್‌ನೆಟ್ಟಿನಲ್ಲಿ ಜಾಗ ಹಿಡಿದೆ, ತಲೆಯ ಮೇಲೆ ಕಮಲಾಪುರದ ಕೆಂಪು ಬಾಳೆಗೊನೆಯ ಚಿತ್ರ ಕೂರಿಸಿದೆ, ಅತ್ತೆ ಹಾಡಿದ್ದನ್ನು ರೆಕಾರ್ಡ್ ಮಾಡಿ ಏರಿಸಿದೆ, ಹಾಡಿನ ಸಾಹಿತ್ಯವನ್ನೆಲ್ಲ ಟೈಪು ಮಾಡಿದೆ. ಬಂಧುಬಳಗದಲ್ಲಿ ಸುದ್ದಿ ಹೇಗೆ ಹಬ್ಬಿತು ಗೊತ್ತೇ? “ಹಿರೀ ಅಳಿಯಂದ್ರು ಸೈಟ್ ಮಾಡ್ಯಾರ. ಕಿರಿಯವ್ರೂ ಚೂರು ಟೈಪಿಂಗ್ ಮಾಡಿ ಕೊಟ್ಟಾರಂತ!”

ಇದನ್ನೂ ನುಂಗಿಕೊಂಡೆ. ಆದರೆ ಅತ್ತೆಯ ಮಾತಿಗೆ ಕಟ್ಟುಬಿದ್ದು ಅವನಿಗೆ ಪಾಸ್‌ವರ್ಡ್ ಕೊಟ್ಟೆ ನೋಡಿ, ಅಲ್ಲಿಂದ ಶುರುವಾಯಿತು. ಇಂಥ ಸೈಟುಗಳಿಗೆ ಓದುಗರಿಗೆ ಕಾಣದ ಹಿಂಬದಿಯ ಕೋಣೆಯೊಂದು ಇರುತ್ತದೆ. ಸೈಟನ್ನು ನಡೆಸುವ ತಂತ್ರಾಂಶ ಅಲ್ಲಿರುತ್ತದೆ. ಹಾಡು ನುಡಿಸಲು ಒಂದು, ಚಿತ್ರ ತೋರಿಸಲು ಒಂದು ಎಂದು ಅದಕ್ಕೆ ಸಿಕ್ಕಿಸುವ ಚಿಕ್ಕ ಚಿಕ್ಕ ಪ್ಲಗಿನ್‌ಗಳೂ ಇರುತ್ತವೆ. ಇವುಗಳಿಗೆ ಆಗಾಗ ಹೊಸ ಆವೃತ್ತಿ ಬರುತ್ತದೆ, ‘ಅಪ್‌ಡೇಟ್ ಮಾಡಿಕೊಳ್ಳಿ’ ಎಂಬ ಸೂಚನೆ ಮೂಡುತ್ತದೆ. ನಮಗೆ ನಿಮಗೆ ಅದು ಸೂಚನೆ. ಅವನಿಗೆ ಅದು ಮದುವೆಯ ಕರೆಯೋಲೆ. ಹೋಗದೆ ಇರುವುದುಂಟೇ?

ಮೊದಲ ಸಲ ಒತ್ತಿದಾಗ ಸೈಟಿನ ವೇಷವೇ ಬದಲಾಯಿತು. ನಾನು ಕಷ್ಟಪಟ್ಟು ತಿದ್ದಿದ್ದ ವಿನ್ಯಾಸವನ್ನು ಹೊಸದು ಒರೆಸಿಹಾಕಿತ್ತು. ಬಾಳೆಗೊನೆ ಇದ್ದ ಜಾಗದಲ್ಲಿ ಯಾವುದೋ ಪರದೇಶದ ಸಮುದ್ರ! ಅದರ ಕೆಳಗೆ ನಮ್ಮ ಅತ್ತೆಯ ಮಂಗಳಗೌರಿಯ ಆರತಿ! ಕೆಲಸ ಬಿಟ್ಟು ಇಡೀ ದಿನ ಕುಳಿತು ಮೊದಲಿನಂತೆ ಮಾಡಿ, ಮತ್ತೆ ಯಾರೂ ಒರೆಸಲಾಗದಂತೆ ನನ್ನ ತಿದ್ದುಪಡಿಗಳನ್ನೆಲ್ಲ ಬೇರೆ ಕಡೆ ಇಟ್ಟೆ. ಅತ್ತೆಗೆ ತೋರಿಸಿದರೆ ಏನೆಂದರು?

“ಛಲೋ ಆಗ್ಯದ್ರಿ. ಆದ್ರ ಅಂವ ಹಾಕಿದ್ದ ಸಮುದ್ರ ಭಾಳ ತಣ್ಣಗ ಅನಸ್ತಿತ್ತು.”

ತಂಪಿನ ಮಾತು ಅವನ ಕಿವಿಗೆ ಬಿತ್ತು. ಬೇಸಿಗೆ ಬೇರೆ. ಕಲಬುರಗಿಯ ಬಿಸಿಲು ಹೇಗಿರುತ್ತದೆ ಎಂದು ನಾನು ಹೇಳಬೇಕೇ? ರಸ್ತೆಯ ಡಾಂಬರು ಚಪ್ಪಲಿ ಹಿಡಿದುಕೊಂಡು ‘ಹೋಗಬೇಡ’ ಎನ್ನುತ್ತಿರುತ್ತದೆ. ಅಂಥ ದಿನ ಸೈಟು ತೆರೆದರೆ ಪರದೆಯ ತುಂಬ ಹಿಮ ಸುರಿಯುತ್ತಿದೆ! ಹಿಮ ಬೀಳಿಸುವ ಪ್ಲಗಿನ್ ಅಂತೆ. ಜೊತೆಗೆ ಟಿಕ್ ಟಿಕ್ ಎನ್ನುವ ಗಡಿಯಾರ, ಬಂದವರನ್ನು ಎಣಿಸುವ ಯಂತ್ರ, ಮೌಸಿನ ಬೆನ್ನು ಹತ್ತುವ ಚಿಟ್ಟೆ. ಸಂಜೆಯ ಹೊತ್ತಿಗೆ ಇವೆಲ್ಲ ತಮ್ಮತಮ್ಮಲ್ಲೇ ಹೊಡೆದಾಡಿ ಸೈಟು ಬೆಳ್ಳಗಾಯಿತು. ಹಾಡಿಲ್ಲ, ಬಾಳೆಗೊನೆ ಇಲ್ಲ, ಬರೀ ಬಿಳಿ ಪುಟ.

“ಹಿಮಾ ಜಾಸ್ತಿ ಬಿದ್ದದೇನೋ ಷಡ್ಡಕಾ,” ಎಂದು ಫೋನಿನಲ್ಲಿ ಕೇಳಿದ!

“ಪ್ಲಗಿನ್ ಜಾಸ್ತಿ ಆಗ್ಯಾವ್ರಿ!” ಎಂದು ಕೂಗಿದೆ. ಹಿಂಬದಿಯ ಕೋಣೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಸೈಟಿನ ಫೈಲುಗಳಿರುವ ಜಾಗಕ್ಕೇ ನೇರವಾಗಿ ಹೋಗಿ, ಪ್ಲಗಿನ್‌ಗಳ ಫೋಲ್ಡರಿನ ಹೆಸರು ಬದಲಿಸಿದೆ. ಹಾಗೆ ಮಾಡಿದರೆ ತಂತ್ರಾಂಶಕ್ಕೆ ಅವು ಸಿಗುವುದಿಲ್ಲ, ಎಲ್ಲವೂ ಒಟ್ಟಿಗೇ ಆರಿಹೋಗುತ್ತವೆ. ಸೈಟು ಎದ್ದಿತು. ಆಮೇಲೆ ಹೆಸರು ಸರಿಪಡಿಸಿ ಒಂದೊಂದನ್ನೇ ಹೊತ್ತಿಸುತ್ತ ಬಂದೆ. ಹಿಮದ ಸರದಿ ಬಂದಾಗ ಮತ್ತೆ ಬಿಳಿ. ಕಳ್ಳ ಸಿಕ್ಕ! ಅದನ್ನು ಕಿತ್ತೊಗೆದೆ. ಮರುದಿನ ಸೊಲ್ಲಾಪುರದಿಂದ ಅತ್ತೆಯ ತಂಗಿ ಫೋನು ಮಾಡಿದರು. ನನಗಲ್ಲ, ಅವನಿಗೆ. “ಸೈಟ್ ರಿಪೇರಿ ಮಾಡಿದಿ ಅಂತಲ್ಲೋ, ಶಾಣ್ಯಾ ಇದ್ದಿ ಬಿಡು!”

ಹೊಟ್ಟೆ ಉರಿಯಿತೇ ಎಂದು ಕೇಳಬೇಡಿ. ಆ ಉರಿಯಲ್ಲಿ ನಾಲ್ಕು ಜೋಳದ ಭಕ್ಕರಿ ಸುಡಬಹುದಿತ್ತು!

ಇನ್ನೊಮ್ಮೆ ಅಪ್‌ಡೇಟು ಅರ್ಧಕ್ಕೆ ಬಂದಾಗ ಷಡ್ಡಕನ ಮನೆಯಲ್ಲಿ ಕರೆಂಟು ಹೋಯಿತು. ಅಪ್‌ಡೇಟು ನಡೆಯುವಾಗ ತಂತ್ರಾಂಶ ಒಂದು ಪುಟ್ಟ ಫೈಲನ್ನು ಬಾಗಿಲಲ್ಲಿ ನಿಲ್ಲಿಸಿ, ‘ದುರಸ್ತಿ ನಡೆದಿದೆ, ಸ್ವಲ್ಪ ಹೊತ್ತಿನಲ್ಲಿ ಬನ್ನಿ’ ಎಂದು ಹೇಳಿಸುತ್ತದೆ. ಕೆಲಸ ಮುಗಿದ ಮೇಲೆ ಆ ಫೈಲು ತಾನೇ ಹೋಗಬೇಕು. ಅರ್ಧಕ್ಕೇ ನಿಂತಿದ್ದರಿಂದ ಹೋಗಲಿಲ್ಲ. ಇವನು ಆ ಮಾತನ್ನು ನಂಬಿ ವಾರಗಟ್ಟಲೆ ತಾಳ್ಮೆಯಿಂದ ಕಾದ!

“ನನಗ ಯಾಕ ಹೇಳಲಿಲ್ರಿ?”

“ಸ್ವಲ್ಪ ತಡೀರಿ ಅಂತ ಅದಽ ಇಷ್ಟು ಮರ್ಯಾದಿಲೆ ಹೇಳಾಕತ್ತದ. ನಾವು ಗಡಬಡಿ ಮಾಡೂದು ಚಂದ ಅನಸ್ತದೇನು?”

ಆ ಫೈಲನ್ನು ಅಳಿಸಿದೆ. ಅಪ್‌ಡೇಟನ್ನು ಮೊದಲಿನಿಂದ ನಡೆಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಅವನ ತಾಳ್ಮೆಯ ಕಥೆಯನ್ನು ಮಾತ್ರ ಅತ್ತೆ ಊರಿಗೆಲ್ಲ ಹೇಳಿ ನಕ್ಕರು. ಕೆಡಿಸುವವನ ಕಥೆ ಹೇಳುತ್ತಾರೆ, ರಿಪೇರಿ ಮಾಡುವವನ ಕಥೆ ಯಾರಾದರೂ ಹೇಳುತ್ತಾರೆಯೇ?

ಆ ವರ್ಷ ಅತ್ತೆಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿ ಆಪರೇಷನ್ ಆಯಿತು. ಜೀವಕ್ಕೇನೂ ತೊಂದರೆಯಾಗಲಿಲ್ಲ, ದೇವರು ದೊಡ್ಡವನು. ಆದರೆ ದನಿ ಬಿತ್ತು. ಮಾತು ಪಿಸುಮಾತಾಗಿ ಬರುತ್ತಿತ್ತು, ಹಾಡು ಬರಲಿಲ್ಲ. ರವಿವಾರ ನಾವು ಹೋದಾಗ ಷಡ್ಡಕ ಸೈಟು ತೆರೆದು ಹಾಡು ಹಚ್ಚುತ್ತಿದ್ದ. ಅತ್ತೆ ತಮ್ಮ ದನಿಯನ್ನು ತಾವೇ ಕೇಳುತ್ತ, ಬೆರಳಿನಿಂದ ಮೊಣಕಾಲ ಮೇಲೆ ತಾಳ ಹಾಕುತ್ತ ಕೂರುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಷಡ್ಡಕ ನನ್ನ ಅಂಗಡಿಯ ಬಾಗಿಲಲ್ಲಿ ಬಂದು ನಿಂತ. ಅವನು ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಅಷ್ಟು ಸದ್ದಿಲ್ಲದೆ ಬಂದಿದ್ದ.

“ಹಾಡು ಹೋದ್ವೋ ಷಡ್ಡಕಾ,” ಎಂದ.

ನೋಡಿದೆ. ಹಾಡು ನುಡಿಸುವ ಪ್ಲಗಿನ್ನಿಗೆ ಹೊಸ ಆವೃತ್ತಿ ಬಂದಿತ್ತು, ಇವನು ಒತ್ತಿದ್ದ. ಅಪ್‌ಡೇಟು ಆಗುವಾಗ ಹಳೆಯ ಪ್ಲಗಿನ್ನಿನ ಫೋಲ್ಡರು ಪೂರ್ತಿ ಅಳಿದು ಆ ಜಾಗಕ್ಕೆ ಹೊಸದು ಬರುತ್ತದೆ. ಆದುದರಿಂದ ನಮ್ಮ ಸ್ವಂತದ್ದೇನನ್ನೂ ಅದರೊಳಗೆ ಇಡಬಾರದು. ಮೊದಮೊದಲ ಹಾಡುಗಳನ್ನು ನಾನು ಬೇರೆ ಜಾಗದಲ್ಲಿ ಇಟ್ಟಿದ್ದೆ, ಅವು ಉಳಿದಿದ್ದವು. ಆಮೇಲಿನವನ್ನೆಲ್ಲ ಇವನೇ ಮೊಬೈಲಿನಲ್ಲಿ ಹಿಡಿದು, ಹತ್ತಿರವಿದ್ದರೆ ಅನುಕೂಲವೆಂದು ಪ್ಲಗಿನ್ನಿನ ಮಡಿಲಲ್ಲೇ ಇಟ್ಟಿದ್ದ. ಮೊಬೈಲಿನಲ್ಲಿ ಜಾಗ ಸಾಲದೆ ಅಲ್ಲಿಂದಲೂ ಅಳಿಸಿದ್ದ. ಸೈಟಿಗೆ ಜಾಗ ಕೊಟ್ಟ ಕಂಪನಿಗೆ ಫೋನು ಮಾಡಿದೆ. ಅವರು ತೆಗೆದಿಟ್ಟಿದ್ದ ನಕಲೂ ಅಪ್‌ಡೇಟು ಆದ ಮೇಲಿನದೇ. ಮುಗಿಯಿತು.

ಸುಳ್ಳು ಯಾಕೆ ಹೇಳಲಿ? ದುಃಖದ ಅಡಿಯಲ್ಲೆಲ್ಲೋ ನನಗೊಂದು ಸಣ್ಣ ಸಮಾಧಾನವೂ ಆಯಿತು. ಈ ಸಲವಾದರೂ ಅತ್ತೆ ಇವನನ್ನು ಬೈಯುತ್ತಾರೆ!

ರವಿವಾರ ಬಸ್ಸು ಹತ್ತಿ ಎಲ್ಲರೂ ಕಮಲಾಪುರಕ್ಕೆ ಹೋದೆವು. ಉಳಿದ ಹಾಡುಗಳನ್ನಾದರೂ ಕೇಳಿಸೋಣವೆಂದು ನಾನು ಲ್ಯಾಪ್‌ಟಾಪ್ ಹಿಡಿದಿದ್ದೆ. ಷಡ್ಡಕ ಮನೆ ಮುಟ್ಟಿದವನೇ ಚಪ್ಪಲಿ ಕಳೆದು ಅಡುಗೆಮನೆಗೆ ಹೋಗಿ ಹೇಳಿಬಿಟ್ಟ. “ಆಯಿ, ನಿಮ್ಮ ಹಾಡು ಕಳೆದೀನಿ. ತೊಟ್ಟಿಲ ಹಾಡೂ ಹೋಗ್ಯದ.”

ಅತ್ತೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು. ಸೆರಗಿಗೆ ಕೈ ಒರೆಸಿಕೊಂಡರು. “ಹೋಗ್ಲಿ ಬಿಡೋ ಅಪ್ಪಾ. ಕೇಳೋರು ಕೇಳಿದ್ರಲ್ಲ,” ಎಂದರು. ಆ ಪಿಸುಮಾತು ಕೇಳಲು ನಾವೆಲ್ಲ ಮುಂದೆ ಬಾಗಬೇಕಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಆಗ ನನಗೂ ಅನ್ನಿಸಿತು.

ಅವನು ಅಲ್ಲೇ ನೆಲದ ಮೇಲೆ ಕೂತ. ಗಂಟಲು ಸರಿಮಾಡಿಕೊಂಡ. ಆಮೇಲೆ ಆ ತೊಟ್ಟಿಲ ಹಾಡನ್ನು ಶುರುಮಾಡಿದ!

ಆ ದನಿಯನ್ನು ಹೇಗೆ ವರ್ಣಿಸಲಿ? ಆ ಹಾಡಿಗೆ ಮಲಗಿದ ಕೂಸು ಎದ್ದು ಓಡಬೇಕು. ಆದರೆ ಒಂದು ಶಬ್ದ ತಪ್ಪಲಿಲ್ಲ. ಅತ್ತೆ ಉಸಿರು ತೆಗೆದುಕೊಳ್ಳುತ್ತಿದ್ದಲ್ಲೇ ಅವನೂ ಉಸಿರು ತೆಗೆದುಕೊಂಡ. ಅವರು ಎಳೆಯುತ್ತಿದ್ದಲ್ಲೇ ಎಳೆದ. ನಾನು ಬಾಗಿಲಲ್ಲೇ ಕೂತು ಸದ್ದಿಲ್ಲದೆ ಲ್ಯಾಪ್‌ಟಾಪ್ ತೆರೆದು ರೆಕಾರ್ಡಿಂಗ್ ಶುರುಮಾಡಿದೆ. ಎರಡನೆಯ ನುಡಿಯ ನಟ್ಟನಡುವೆ ಅವನು ಒಮ್ಮೆಲೇ, “ಏ, ಹಾಲು ಉಕ್ಕಾಕತ್ತದ ನೋಡ!” ಎಂದ.

ಅವನ ಹೆಂಡತಿ ಧಡಕ್ಕನೆ ಎದ್ದು ಒಲೆಯ ಕಡೆ ಓಡಿದಳು. ಒಲೆಯ ಮೇಲೆ ಏನೂ ಇರಲಿಲ್ಲ. ಆಗ ನಮಗೆ ಹೊಳೆಯಿತು. ಅಂದು ಆ ಹಾಡು ಹಿಡಿಯುವಾಗ ಅತ್ತೆ ಹಾಡುತ್ತ ಹಾಡುತ್ತಲೇ ಮಗಳಿಗೆ ಹೇಳಿದ ಮಾತದು. ಅದೂ ಹಾಡಿನ ಜೊತೆ ಸೇರಿಕೊಂಡಿತ್ತು.

ಅತ್ತೆಗೆ ನಗು ತಡೆಯಲಾಗಲಿಲ್ಲ. ದನಿಯಿಲ್ಲದ ನಗು. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು. “ಅದನ್ನೂ ಬಾಯಿಪಾಠ ಮಾಡೀಯೇನೋ?”

“ನನಗೇನು ಗೊತ್ತಾಗ್ತದ ಆಯಿ, ಇದರಾಗ ಹಾಡು ಯಾವುದು, ಹಾಲು ಯಾವುದು? ಮುಂಜಾನಿ ಎದ್ದಕೂಡಲೇ ಹಚ್ಚಿ ಕೇಳತಿದ್ದೆ. ಹಂಗಽ ಬಂತು. ಎಲ್ಲಾ ಬರ್ತಾವ. ಒಂದೊಂದಽ ಹಾಡ್ತೀನಿ, ತಪ್ಪಿದಲ್ಲಿ ಹೇಳ್ರಿ.”

ನನಗೆ ಆ ಪ್ರತಿಯೊಂದು ಹಾಡು ಎಷ್ಟು ಜಾಗ ಹಿಡಿಯುತ್ತಿತ್ತು ಎಂದು ಗೊತ್ತಿತ್ತು. ಸಾಹಿತ್ಯ ಟೈಪು ಮಾಡಿದ ಈ ಬೆರಳುಗಳಿಗೆ ಅದರ ಕಾಗುಣಿತ ಗೊತ್ತಿತ್ತು. ಅವನಿಗೆ ಹಾಡು ಬರುತ್ತಿತ್ತು. ಅಷ್ಟು ವರ್ಷ ಅವನ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ಒಂದು ತೂಕ, ಅಂದು ಆ ಅಡುಗೆಮನೆಯ ಬಾಗಿಲಲ್ಲಿ ಪಟ್ಟದ್ದೇ ಒಂದು ತೂಕ.

ಅವನು ಮೊದಲಿನಿಂದ ಮತ್ತೆ ಹಾಡಿದ. ಅತ್ತೆ ಕೈಯಾಡಿಸಿ ತಿದ್ದುತ್ತಿದ್ದರು. ಇಲ್ಲಿ ಇಳಿಸು, ಇಲ್ಲಿ ತಡಿ. ಒಂದು ಕಡೆ ಎಷ್ಟು ಕೈಯಾಡಿಸಿದರೂ ಅವನಿಗೆ ಬರಲಿಲ್ಲ. ಅತ್ತೆ ತಡೆಯಲಾರದೆ ಬಾಯಿ ತೆರೆದು ತಾವೇ ಆ ಸಾಲನ್ನು ಹೇಳಿಕೊಟ್ಟರು. ಒಡೆದ, ಗೊರಗೊರ ಎನ್ನುವ ದನಿ. ಆದರೆ ಅದರಲ್ಲಿ ರಾಗವಿತ್ತು. ಆಪರೇಷನ್ ಆದ ಮೇಲೆ ಅವರ ಬಾಯಲ್ಲಿ ನಾವು ಹಾಡು ಕೇಳಿದ್ದು ಅದೇ ಮೊದಲು. ಅವರ ಎರಡನೆಯ ಸಾಲಿಗೆ ಅವನು ತನ್ನ ದನಿಯನ್ನು ತಗ್ಗಿಸಿದ. ಇನ್ನೂ ತಗ್ಗಿಸಿದ. ಅವರ ದನಿ ಮೇಲೆ ಕೇಳಲಿ ಎಂದು ತಾನು ಗುನುಗುವಷ್ಟಕ್ಕೆ ಇಳಿದ. ನಮ್ಮ ಹೆಂಡತಿಯರು, ಅಕ್ಕತಂಗಿಯರಿಬ್ಬರೂ, ದನಿಗೂಡಿಸಿದರು.

ಪ್ರತಿ ನುಡಿಯ ಕೊನೆಗೆ ಬರೀ ಜೋ ಜೋ. ಅದಕ್ಕೆ ಯಾವ ಬಾಯಿಪಾಠ ಬೇಕು? ನನ್ನ ಬಾಯಿಂದಲೂ ಬಂದೇಬಿಟ್ಟಿತು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ನಾಚಿ ನಿಲ್ಲಿಸಿದೆ.

ಅತ್ತೆ ಪಕ್ಕದಲ್ಲಿದ್ದ ಪಾತ್ರೆಗಳನ್ನು ಸರಿಸಿ, ತಮ್ಮ ಹತ್ತಿರವೇ ನೆಲ ತಟ್ಟಿ ತೋರಿಸಿದರು.

“ಅಳಿಯಂದ್ರ, ಶ್ರುತಿ ಬಿಟ್ಟೀರಿ,” ಎಂದರು. “ಆದ್ರೂ ಹಾಡೂದು ಬಿಡಬ್ಯಾಡ್ರಿ. ಬರ್ರಿ, ಇಲ್ಲಿ ಕುಂದರ್ರಿ.”